ಹೈಸ್ಕೂಲಿನ ನರ್ಸ್ ರೂಮು: ಅಮೆರಿಕಕ್ಕೆ ಹೊಸದಾಗಿ ಬಂದ ಅಪ್ಪ-ಅಮ್ಮಂದಿರಿಗೆ

ಮಗಳು ಒಂಬತ್ತನೇ ಕ್ಲಾಸಿಗೆ ಸೇರಿ ಎರಡು ವಾರ ಆಗಿತ್ತು. ಮಧ್ಯಾಹ್ನ ಸ್ಕೂಲಿಂದ ಫೋನು. ಬ್ಯಾಗಿನಲ್ಲಿ ಮಾತ್ರೆ ಸಿಕ್ಕಿದೆ, ಬಂದು ತೆಗೆದುಕೊಂಡು ಹೋಗಿ ಅಂದರು. ಹೋಗಿ ನೋಡಿದರೆ ಡೋಲೋ 650. ತಲೆನೋವು ಅಂದ ಗೆಳತಿಗೆ ಒಂದು ಕೊಡಲು ಹೊರಟಿದ್ದಳಂತೆ. ನನಗೆ ಮೊದಲು ನಗು ಬಂತು. ಎದುರಿಗೆ ಕೂತಿದ್ದ ಅಸಿಸ್ಟೆಂಟ್ ಪ್ರಿನ್ಸಿಪಾಲರ ಮುಖ ನೋಡಿ ಸುಮ್ಮನಾದೆ. ಒಬ್ಬ ವಿದ್ಯಾರ್ಥಿ ಇನ್ನೊಬ್ಬರಿಗೆ ಯಾವ ಮಾತ್ರೆ ಕೊಟ್ಟರೂ ಇಲ್ಲಿ ಅದು ಡ್ರಗ್ಸ್ ನಿಯಮದ ಕೆಳಗೆ ಬರಬಹುದು, ಸಸ್ಪೆಂಡ್ ಕೂಡ ಮಾಡಬಹುದು. ನಮಗೆ ಎಚ್ಚರಿಕೆ ಕೊಟ್ಟು ಬಿಟ್ಟರು.

ಹಾಗಾಗಿ ಮೊದಲ ಮಾತು: ಊರಿಂದ ತಂದ ಮಾತ್ರೆಯನ್ನು ಮಕ್ಕಳ ಬ್ಯಾಗಿಗೆ ಹಾಕಬೇಡಿ. ಸ್ಕೂಲಿನಲ್ಲಿ ಔಷಧಿ ಬೇಕೇ ಬೇಕು ಅಂದರೆ ಅದಕ್ಕೊಂದು ಫಾರ್ಮ್ ಇದೆ. ಡಾಕ್ಟರ್ ಬರೆದುಕೊಟ್ಟ ಔಷಧಿಗೆ ಸಾಮಾನ್ಯವಾಗಿ ಅವರ ಸಹಿಯೂ ಬೇಕು, ನಿಮ್ಮ ಸಹಿಯೂ ಬೇಕು. ಮೂಲ ಡಬ್ಬಿಯಲ್ಲೇ ಇರಬೇಕು, ಮೇಲೆ ಫಾರ್ಮಸಿಯ ಲೇಬಲ್ ಇರಬೇಕು. ಬಹಳ ಕಡೆ ಅದನ್ನು ದೊಡ್ಡವರೇ ತಂದು ನರ್ಸ್ ಕೈಗೆ ಕೊಡಬೇಕು. ನಾವು ಪ್ಯಾರಸಿಟಮಾಲ್ ಅನ್ನುವುದಕ್ಕೆ ಇಲ್ಲಿ ಅಸಿಟಮಿನೊಫೆನ್ ಅನ್ನುತ್ತಾರೆ, ಟೈಲೆನಾಲ್ ಅಂದರೂ ಅದೇ. ಇದು ಗೊತ್ತಿಲ್ಲದೆ ಎರಡನ್ನೂ ಕೊಟ್ಟುಬಿಡುವವರಿದ್ದಾರೆ, ಜೋಪಾನ. ಆಸ್ತಮಾದ ಇನ್‌ಹೇಲರ್ ಮತ್ತು ತೀವ್ರ ಅಲರ್ಜಿಯಾದಾಗ ಕೂಡಲೇ ಚುಚ್ಚಿಕೊಳ್ಳುವ ಎಪಿಪೆನ್ ಮಾತ್ರ ಬೇರೆ. ಅವನ್ನು ವಿದ್ಯಾರ್ಥಿ ತನ್ನ ಹತ್ತಿರವೇ ಇಟ್ಟುಕೊಳ್ಳಲು 50 ರಾಜ್ಯಗಳಲ್ಲೂ ಕಾನೂನಿದೆ. ಅದಕ್ಕೂ ಫಾರ್ಮ್ ಬೇಕು ಅನ್ನಿ.

ಇನ್ನು ಲಸಿಕೆ. ಹೊಸಬರು ಜಾಸ್ತಿ ಒದ್ದಾಡುವುದು ಇಲ್ಲೇ. ಯಾವ ಕ್ಲಾಸಿಗೆ ಯಾವ ಲಸಿಕೆ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಆದರೆ ನಮ್ಮ ಮಕ್ಕಳು ಸಿಕ್ಕಿಹಾಕಿಕೊಳ್ಳುವ ಜಾಗಗಳು ಮಾತ್ರ ಹೆಚ್ಚುಕಡಿಮೆ ಅವೇ.

ಒಂದು, ತಾರೀಖು. ನಾವು ದಿನ ಮೊದಲು ಬರೆಯುತ್ತೇವೆ, ಇಲ್ಲಿ ತಿಂಗಳು ಮೊದಲು. ನಮ್ಮ ಸ್ನೇಹಿತರ ಮಗ ಹುಟ್ಟಿದ್ದು 2010ರ ಮೇ 20ಕ್ಕೆ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯ ಮುಂದೆ 05/06/2011 ಅಂತ ಇತ್ತು, ಅಂದರೆ ಜೂನ್ 5. ಸ್ಕೂಲಿನವರು ಓದಿಕೊಂಡಿದ್ದು ಮೇ 6 ಅಂತ. ಮಗುವಿಗೆ ವರ್ಷ ತುಂಬುವ ಮೊದಲೇ ಹಾಕಿದ ಡೋಸ್ ಲೆಕ್ಕಕ್ಕಿಲ್ಲ ಅಂದುಬಿಟ್ಟರು! ಪಾಪ, ಆ ಸ್ನೇಹಿತರು ಮೂರು ಸಲ ಓಡಾಡಿದರು. ನೀವು ಹೊರಡುವ ಮುಂಚೆಯೇ ಮಕ್ಕಳ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ, ತಿಂಗಳನ್ನು ಅಕ್ಷರದಲ್ಲಿ ಬರೆಸಿ, ಸೀಲ್ ಹಾಕಿಸಿಕೊಂಡು ಬನ್ನಿ.

ಎರಡು, ನಮ್ಮಲ್ಲಿ ಹಾಕಿದ್ದೆಲ್ಲ ಇಲ್ಲಿಗೆ ಸಾಲದು. ಒಂಬತ್ತನೇ ತಿಂಗಳಲ್ಲಿ ಹಾಕುವ ದಡಾರದ ಚುಚ್ಚುಮದ್ದನ್ನು ಇಲ್ಲಿ ಎಣಿಸುವುದಿಲ್ಲ, ವರ್ಷ ತುಂಬಿದ ಮೇಲೆ ಹಾಕಿದ್ದು ಬೇಕು. ಸರ್ಕಾರಿ ಆಸ್ಪತ್ರೆಯ ಎಂಆರ್ ಲಸಿಕೆಯಲ್ಲಿ ದಡಾರ, ರುಬೆಲ್ಲಾ ಇವೆ, ಮಂಗನಬಾವು ಇಲ್ಲ. ಇಲ್ಲಿ ಮೂರೂ ಕೇಳುತ್ತಾರೆ. ಸೀತಾಳೆಗೆ, ಅಂದರೆ ಚಿಕನ್‌ಪಾಕ್ಸ್‌ಗೆ, ನಮ್ಮ ಸರ್ಕಾರಿ ಪಟ್ಟಿಯಲ್ಲಿ ಲಸಿಕೆಯೇ ಇಲ್ಲ. ಇಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಎರಡು ಡೋಸ್ ಬೇಕು. "ಅವನಿಗೆ ಚಿಕ್ಕಂದಿನಲ್ಲೇ ಅಮ್ಮ ಆಗಿತ್ತು" ಅಂತ ಬಾಯಲ್ಲಿ ಹೇಳಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ, ಡಾಕ್ಟರ ಪತ್ರವೋ ರಕ್ತಪರೀಕ್ಷೆಯೋ ಬೇಕಾಗುತ್ತದೆ. ಧನುರ್ವಾಯುವಿನ ಜೊತೆ ನಾಯಿಕೆಮ್ಮಿಗೂ ಸೇರಿರುವ ಟಿಡ್ಯಾಪ್ ಅನ್ನೂ ಕೇಳುತ್ತಾರೆ. ಮೆದುಳಿನ ಪೊರೆಗೆ ಬರುವ ಸೋಂಕಿನ (ಮೆನಿಂಜೈಟಿಸ್) ಮೆನಿಂಜೊಕಾಕಲ್ ಲಸಿಕೆಗೆ 16ನೇ ವಯಸ್ಸಿನಲ್ಲಿ ಇನ್ನೊಂದು ಡೋಸ್ ಇದೆ, ಕೆಲವು ರಾಜ್ಯಗಳಲ್ಲಿ ಹನ್ನೆರಡನೇ ಕ್ಲಾಸಿಗೆ ಅದು ಕಡ್ಡಾಯ. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ ಬಿಡಬೇಕಾದ ಲಸಿಕೆಗಳಿವೆ. ಆದ್ದರಿಂದ ಸ್ಕೂಲು ಶುರುವಾಗುವ ಹೊತ್ತಿಗೆ, ಆಗಸ್ಟ್ ಕೊನೆಯವರೆಗೆ ಕಾಯಬೇಡಿ. ಇನ್ಶೂರೆನ್ಸ್ ಇನ್ನೂ ಶುರುವಾಗಿಲ್ಲವಾ? ವ್ಯಾಕ್ಸೀನ್ಸ್ ಫಾರ್ ಚಿಲ್ಡ್ರನ್ ಅನ್ನುವ ಸರ್ಕಾರಿ ಯೋಜನೆಯಲ್ಲಿ, ಇನ್ಶೂರೆನ್ಸ್ ಇಲ್ಲದ 18 ವರ್ಷದವರೆಗಿನ ಮಕ್ಕಳಿಗೆ ಲಸಿಕೆ ಬಿಟ್ಟಿ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಲ್ತ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ ಕೇಳಿ.

ಮೂರು, ಟಿಬಿ ಟೆಸ್ಟ್. ಭಾರತದಿಂದ ಬಂದವರಿಗೆ ಕೆಲವು ಕಡೆ ಇದನ್ನು ಕೇಳುತ್ತಾರೆ. ನಮ್ಮ ಮಕ್ಕಳಿಗೆಲ್ಲ ಹುಟ್ಟಿದಾಗಲೇ ಬಿಸಿಜಿ ಆಗಿರುತ್ತದೆ ಅಲ್ವಾ, ಅದರಿಂದ ಚರ್ಮದ ಟೆಸ್ಟ್ ಸುಮ್ನೆ ಪಾಸಿಟಿವ್ ಬಂದು ಗಾಬರಿಯಾಗಬಹುದು. ಐಜಿಆರ್‌ಎ ಅನ್ನುವ ರಕ್ತಪರೀಕ್ಷೆ ಮಾಡಿ ಅಂತ ಕೇಳಿ. ಬಿಸಿಜಿಯಿಂದ ಅದಕ್ಕೆ ಏನೂ ಆಗುವುದಿಲ್ಲ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಸಾಮಾನ್ಯವಾಗಿ ಮನೆಗೆ ಕಳಿಸುತ್ತಾರೆ. ಮಾತ್ರೆ ಇಲ್ಲದೆಯೇ 24 ಗಂಟೆ ಜ್ವರ ಬಾರದಿದ್ದರೆ ವಾಪಸ್ ಕಳಿಸಬಹುದು. ಬೆಳಿಗ್ಗೆ ಒಂದು ಮಾತ್ರೆ ನುಂಗಿಸಿ ಬಸ್ ಹತ್ತಿಸಿದರೆ ಹನ್ನೊಂದು ಗಂಟೆಗೆ ನರ್ಸ್ ಫೋನ್ ಬರುತ್ತದೆ. ಆ ಫೋನ್ ನಿಮಗೆ ಸಿಗದಿದ್ದರೆ ಅಂತ ಎಮರ್ಜೆನ್ಸಿ ಕಾರ್ಡಿನಲ್ಲಿ ಇನ್ನಿಬ್ಬರ ಹೆಸರು ಕೇಳುತ್ತಾರೆ. ಅಲ್ಲಿ ಊರಿನ ಅಜ್ಜ-ಅಜ್ಜಿಯ ನಂಬರ್ ಬರೆದು ಏನು ಪ್ರಯೋಜನ? ಕಾರಿರುವ, ಹತ್ತಿರದಲ್ಲಿರುವ ಗೆಳೆಯರ ಹೆಸರು ಬರೆಯಿರಿ. ತೀರಾ ತುರ್ತು ಅನಿಸಿದರೆ ಸ್ಕೂಲಿನವರು ನಿಮ್ಮನ್ನು ಕಾಯದೆ 911ಕ್ಕೆ ಕರೆ ಮಾಡುತ್ತಾರೆ. ಆಂಬುಲೆನ್ಸಿನ ಬಿಲ್ ಬರುವುದು ನಿಮ್ಮ ಮನೆಗೇ.

ಆಟದ ಟೀಮಿಗೆ ಸೇರಬೇಕಾದರೆ ಡಾಕ್ಟರ್ ಪರೀಕ್ಷೆ ಮಾಡಿ ಫಾರ್ಮಿಗೆ ಸಹಿ ಹಾಕಬೇಕು. ತಲೆಗೆ ಪೆಟ್ಟು ಬಿದ್ದು ಮೆದುಳಿಗೂ ಏಟಾಗಿದೆ, ಅಂದರೆ ಕನ್‌ಕಷನ್ ಅಂತ ಅನುಮಾನ ಬಂದರೆ ಆಟಗಾರನನ್ನು ಆವತ್ತೇ ಹೊರಗೆ ಕೂರಿಸುತ್ತಾರೆ. ವಾಷಿಂಗ್ಟನ್ ರಾಜ್ಯ 2009ರಲ್ಲಿ ಈ ಕಾನೂನು ತಂದಿತು, ಆಮೇಲೆ ಬೇರೆ ರಾಜ್ಯಗಳೂ ತಂದವು. ಡಾಕ್ಟರಂಥ ಆರೋಗ್ಯ ಪರಿಣತರ ಲಿಖಿತ ಒಪ್ಪಿಗೆ ಇಲ್ಲದೆ ಮತ್ತೆ ಆಡಿಸುವುದಿಲ್ಲ. ಫೈನಲ್ ಮ್ಯಾಚ್ ಇದೆ ಅಂತ ಕೋಚ್ ಹತ್ತಿರ ಗೋಗರೆಯಬೇಡಿ.

ಕೊನೆಗೆ, ನಮ್ಮವರ ಒಂದು ಅಭ್ಯಾಸ ನನಗೆ ಬೇಸರ ತರಿಸುತ್ತದೆ. ಮಗುವಿಗೆ ಆಸ್ತಮಾ ಇದ್ದರೂ "ಸ್ವಲ್ಪ ವೀಸಿಂಗ್ ಅಷ್ಟೇ" ಅಂತ ಫಾರ್ಮಿನಲ್ಲಿ ಖಾಲಿ ಬಿಡುತ್ತೇವೆ. ಡಯಾಬಿಟಿಸ್, ಫಿಟ್ಸ್, ಶೇಂಗಾ ಅಲರ್ಜಿ, ಎಲ್ಲದಕ್ಕೂ ಇದೇ ಕಥೆ. ಮುಚ್ಚಿಟ್ಟರೆ ನಷ್ಟ ನಮಗೇ. 1973ರ ಒಂದು ಕಾನೂನಿನ ಪ್ರಕಾರ 504 ಪ್ಲ್ಯಾನ್ ಅಂತ ಸಿಗುತ್ತದೆ, ಮಗುವಿನ ಆರೋಗ್ಯಕ್ಕೆ ತಕ್ಕ ಅನುಕೂಲಗಳನ್ನು ಸ್ಕೂಲು ಬರೆದುಕೊಡುವ ಪತ್ರ ಅದು. ಅದಿದ್ದರೆ ಡಯಾಬಿಟಿಸ್ ಇರುವ ಹುಡುಗಿ ಕ್ಲಾಸಿನಲ್ಲೇ ಸಕ್ಕರೆ ನೋಡಿಕೊಳ್ಳಬಹುದು, ಪರೀಕ್ಷೆಯ ಮಧ್ಯೆ ಏನಾದರೂ ತಿನ್ನಬಹುದು, ಆ ಸಮಯವನ್ನು ಮತ್ತೆ ಕೊಡುವಂತೆಯೂ ಬರೆಸಿಕೊಳ್ಳಬಹುದು. ಬರವಣಿಗೆಯಲ್ಲಿ ಕೇಳಿ. ಮನಸ್ಸಿನ ಕಷ್ಟಕ್ಕೆ ಸ್ಕೂಲಿನಲ್ಲಿ ಕೌನ್ಸೆಲರ್ ಇರುತ್ತಾರೆ. ರಾತ್ರಿ ಹೊತ್ತು ಕೈಮೀರುತ್ತಿದೆ ಅನಿಸಿದರೆ ಮಾನಸಿಕ ಸಂಕಟದ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು, ಮೆಸೇಜೂ ಕಳಿಸಬಹುದು. ಈ ನಂಬರನ್ನು ಮಕ್ಕಳ ಫೋನಿನಲ್ಲಿ ಈಗಲೇ ಹಾಕಿಡಿ.

ಸ್ಕೂಲು ಮುಚ್ಚುವ ವಾರ ನರ್ಸ್ ರೂಮಿಗೆ ಹೋಗಿ ನಿಮ್ಮ ಔಷಧಿ ವಾಪಸ್ ತನ್ನಿ. ಬಿಟ್ಟರೆ ಎಸೆದುಬಿಡುತ್ತಾರೆ, ಎಪಿಪೆನ್ ಬೆಲೆ ಸಣ್ಣದಲ್ಲ! ಹಾಗೇ ಮುಂದಿನ ವರ್ಷದ ಖಾಲಿ ಫಾರ್ಮ್ ಕೇಳಿ ತನ್ನಿ. ಈ ವರ್ಷದ ಸಹಿ ಆಗಸ್ಟಿನ ಹೊಸ ಶಾಲಾ ವರ್ಷಕ್ಕೆ ನಡೆಯುವುದಿಲ್ಲ.