ಹಳೆಯ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ಮೊದಲು ಹೊಗೆ ನೋಡಿ

ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಸಬೇಡಿ. ಡೀಸೆಲ್ ಎಂಜಿನ್‌ಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಎಂಜಿನ್ ನಿಧಾನವಾಗಿ ತಿರುಗಿದರೆ ಆ ಬಿಸಿ ಹುಟ್ಟುವುದೇ ಇಲ್ಲ.

ಗೇರ್ ನ್ಯೂಟ್ರಲ್‌ಗೆ ತಂದು, ಎಂಜಿನ್ ಆರಿಸುವ ಸ್ಟಾಪ್ ನಾಬ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟರೇ ಹೆಚ್ಚು ಕರೆಂಟ್ ಎಳೆಯುತ್ತಿದೆ. ವೋಲ್ಟ್ ಸರಿಯಿದ್ದೂ ಎಂಜಿನ್ ಎಳೆದಂತೆ ತಿರುಗಿದರೆ ಟರ್ಮಿನಲ್‌ಗಳನ್ನು ಉಜ್ಜಿ. ಬಾಡಿಗೆ ಕೂಡುವ ಅರ್ಥ್ ಕೇಬಲ್ಲಿನ ತುದಿಯನ್ನೂ ಬಿಚ್ಚಿ ಉಜ್ಜಿ, ಹೆಚ್ಚಿನವರು ಮರೆಯುವುದು ಅದನ್ನೇ. ಒಮ್ಮೆಗೆ 10 ಸೆಕೆಂಡ್ ಸಾಕು. ನಂತರ ಸೆಲ್ಫ್ ತಣಿಯಲು ಬಿಡಿ.

ಈಗ ಸೈಲೆನ್ಸರ್ ನೋಡಿ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪುತ್ತಿಲ್ಲ, ಬಹುಪಾಲು ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿರುತ್ತದೆ, ಅಂದರೆ ಗಾಳಿ ಸಿಕ್ಕಿಕೊಂಡಿರುತ್ತದೆ.

ಏರ್ ತೆಗೆಯಲು ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಬಿಗಿ ಮಾಡಿ. ಎರಡನೇ ಫಿಲ್ಟರ್, ಆಮೇಲೆ ಡೀಸೆಲ್ ಪಂಪಿನ (ಒತ್ತಡದಲ್ಲಿ ಡೀಸೆಲ್ ಕಳಿಸುವ ಮುಖ್ಯ ಪಂಪ್) ಸ್ಕ್ರೂ, ಇದೇ ಕ್ರಮ. ಕೊನೆಗೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳ ಪೈಪುಗಳ ನಟ್ ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಯಿರಿ. ಡೀಸೆಲ್ ಚಿಮ್ಮಿದೊಡನೆ ಬಿಗಿ ಮಾಡಿ. ಅಲ್ಲಿ ಬೆರಳು ಒಡ್ಡಲೇಬೇಡಿ: ಆ ಒತ್ತಡದ ಡೀಸೆಲ್ ಚರ್ಮ ತೂರುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ರಾತ್ರಿ ಕಳೆದು ಮತ್ತೆ ಏರ್ ಹಿಡಿದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನ ಡೀಸೆಲ್ ಎಳೆದುಕೊಡುವ ಪಂಪ್) ಪೈಪು ನೋಡಿ. ಎಂಜಿನ್ ಓಡುವಾಗ ಅಲ್ಲಿ ಡೀಸೆಲ್ ಸೋರುವ ಬದಲು ಗಾಳಿ ಒಳಗೆಳೆದುಕೊಳ್ಳುತ್ತದೆ. ಹೊರಗೆ ಒದ್ದೆ ಕಾಣದು. ಆ ಪೈಪಿನ ಜೋಡಣೆಯಲ್ಲಿ ಹಳೆಯ ತಾಮ್ರದ ವಾಷರ್ ತಿರುಗಿಸಿ ಹಾಕದೆ ಹೊಸದನ್ನೇ ಹಾಕಿ. ಸ್ವಲ್ಪ ಹೊತ್ತಿಗೆ ಪಾರದರ್ಶಕ ಪೈಪು ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಬೀಳುತ್ತವೆ.

ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ ಇದ್ದರೆ ಇಂಧನ ಬರುತ್ತಿದೆ, ಹೊತ್ತುತ್ತಿಲ್ಲ. ತಣ್ಣಗಿದ್ದಾಗ ಮಾತ್ರ ಈ ಕಾಟವಾದರೆ ಹೀಟರ್ ಪ್ಲಗ್ (ಕಿಡಿ ಕೊಡದೆ ಬಿಸಿ ಮಾತ್ರ ಕೊಡುವ ಪ್ಲಗ್), ನಾಜಲ್ ಸಿಂಪರಣೆ, ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ಪರೀಕ್ಷಿಸಿ. ತಣ್ಣಗೆ ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಆಗದಿದ್ದರೆ ಡೀಸೆಲ್ ಪಂಪ್ ಸವೆದಿರುವ ಶಂಕೆ ಬಲವಾಗುತ್ತದೆ. ಬಿಸಿಗೆ ತೆಳುವಾದ ಡೀಸೆಲ್ ಪಂಪಿನ ಒಳಗೇ ಜಾರಿಹೋಗುತ್ತದೆ.

ಕಂಪ್ರೆಷನ್ ಕಡಿಮೆ ಬಂತೆಂದು ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಇಳಿಸುವ ಮುನ್ನ ಟ್ಯಾಪೆಟ್ ಅಂತರ, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು, ಅಳೆಯಿರಿ. ಅಂತರವೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬ್ರೀದರ್‌ನಿಂದ (ಎಂಜಿನ್ ಉಸಿರಾಡುವ ಕೊಳವೆ) ಹೊಗೆ ಉಗಿಯುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿವೆ. ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಬೇಗ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯಲೇಬಾರದು. ಅಕಾಲದಲ್ಲಿ ಸ್ಫೋಟಿಸಿ ರಿಂಗ್, ಪಿಸ್ಟನ್ ಮುರಿಯುತ್ತವೆ.