ಇನ್ನೂ ನೋಡದ ಒಂದು ಜಾಗ: ಹನುಮಂತನ ಜೊತೆ ನನ್ನ ಮೂರು ತಿಂಗಳು

ನಾನು ಸುಂದರಕಾಂಡ ಹಿಡಿದದ್ದು ಭಕ್ತಿಯಿಂದಲ್ಲ, ಹೆದರಿಕೆಯಿಂದ. ನನ್ನದು ಲೆಕ್ಕ ಬರೆಯುವ ಕೆಲಸ. ಆಗಷ್ಟೇ ಹೊಸ ಕಚೇರಿಗೆ ಸೇರಿದ್ದೆ. ಜವಾಬ್ದಾರಿ ಜಾಸ್ತಿ, ಮನೆಯಲ್ಲಿ ಅಪ್ಪನಿಗೆ ನಡೆದರೆ ಎದೆನೋವು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಅಮ್ಮ ಒಂದು ದಿನ ದೇವರ ಮನೆಯಿಂದ ಹಳೇ ಪುಸ್ತಕ ತಂದು ಕೈಗಿಟ್ಟಳು. "ದಿನಕ್ಕೊಂದು ಸರ್ಗ ಓದು, ಹನುಮಪ್ಪ ಧೈರ್ಯ ಕೊಡ್ತಾನೆ" ಅಂದಳು.

ವಾಲ್ಮೀಕಿ ರಾಮಾಯಣದ ಐದನೇ ಕಾಂಡ ಅದು. ಒಟ್ಟು 68 ಸರ್ಗ, ಅಂದರೆ ಅಧ್ಯಾಯ. ದಿನಕ್ಕೊಂದರಂತೆ ಅರವತ್ತೆಂಟು ದಿನಕ್ಕೆ ಮುಗಿಯಬೇಕು ಅಂತ ಲೆಕ್ಕ ಹಾಕಿದೆ. ಮೊದಲನೇ ಸರ್ಗವೇ ಆ ಲೆಕ್ಕ ಕೆಡಿಸಿತು. ಸಮುದ್ರ ಹಾರುವ ಆ ಒಂದು ಸರ್ಗದಲ್ಲಿ ಇನ್ನೂರಕ್ಕೂ ಹೆಚ್ಚು ಶ್ಲೋಕ! ಅದಕ್ಕೇ ನಾಲ್ಕು ದಿನ ಹೋಯಿತು. ಕೊನೆಗೆ ಎಲ್ಲ ಮುಗಿಯುವಾಗ ಮೂರು ತಿಂಗಳಾಗಿತ್ತು.

ನಾನು ಮಾಡಿದ್ದು ಇಷ್ಟೇ. ಬೆಳಿಗ್ಗೆ ಅರ್ಧ ಗಂಟೆ. ಮೊದಲು ಶ್ಲೋಕ, ಆಮೇಲೆ ಕನ್ನಡ ಅರ್ಥ. ಪಕ್ಕದಲ್ಲಿ ಒಂದು ನೋಟ್‌ಬುಕ್. ಎಡಗಡೆ ಪುಟದಲ್ಲಿ ಹನುಮಂತ ಇವತ್ತು ಏನು ಮಾಡಿದ ಅಂತ ಎರಡು ಸಾಲು. ಬಲಗಡೆ ಪುಟ ಖಾಲಿ. ಸಂಜೆ ಮನೆಗೆ ಬಂದಮೇಲೆ ಅಲ್ಲಿ ನನ್ನ ದಿನದ ಎರಡು ಸಾಲು. ಎಷ್ಟೋ ದಿನ ಎಡಕ್ಕೂ ಬಲಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಇದ್ದ ದಿನಗಳ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹನುಮಂತನಿಂದ ಕಲಿಯುವ ಹತ್ತು ಪಾಠ, ಯಶಸ್ಸಿನ ಏಳು ಸೂತ್ರ ಅಂತೆಲ್ಲ ಓದಿದಾಗ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಹನುಮಂತ ಹೆದರುವುದೇ ಇಲ್ಲ, ತಪ್ಪುವುದೇ ಇಲ್ಲ. ಅಂಥವನಿಂದ ನಾನು ಕಲಿಯುವುದೇನು? ಪುಸ್ತಕದೊಳಗೆ ನನಗೆ ಸಿಕ್ಕವನು ಬೇರೆ. ಅವನು ಹಾರಿದ್ದು ಒಂದು ಸರ್ಗ. ಉಳಿದ ಸರ್ಗಗಳಲ್ಲಿ ಹುಡುಕುತ್ತಾನೆ, ಅನುಮಾನ ಪಡುತ್ತಾನೆ, ಎಡವುತ್ತಾನೆ, ತನ್ನನ್ನೇ ಬೈದುಕೊಳ್ಳುತ್ತಾನೆ. ಹಂಪಿಯ ಯಂತ್ರೋದ್ಧಾರಕ ಹನುಮಂತನನ್ನು ನೋಡಿದವರಿಗೆ ಇದು ಬೇಗ ಅರ್ಥವಾಗಬಹುದು. ವ್ಯಾಸರಾಜರು ಪ್ರತಿಷ್ಠೆ ಮಾಡಿದರು ಎನ್ನುವ ಆ ಮೂರ್ತಿಯ ಕೈಯಲ್ಲಿ ಗದೆಯೂ ಇಲ್ಲ, ಬೆಟ್ಟವೂ ಇಲ್ಲ. ಯಂತ್ರದ, ಅಂದರೆ ಪೂಜೆಯ ರೇಖಾಚಿತ್ರದ ನಡುವೆ ಪದ್ಮಾಸನ ಹಾಕಿ ಸುಮ್ಮನೆ ಕೂತಿದ್ದಾನೆ.

ನನಗೆ ಮೊದಲು ಸಿಕ್ಕಿದ ಹನುಮಂತನೂ ಸುಮ್ಮನೆ ಕೂತವನೇ. ಅದು ಸುಂದರಕಾಂಡಕ್ಕಿಂತ ಸ್ವಲ್ಪ ಹಿಂದೆ, ಕಿಷ್ಕಿಂಧಾಕಾಂಡದ ಕೊನೆಯಲ್ಲಿ. ಅಮ್ಮ ಅಲ್ಲಿಂದಲೇ ಶುರು ಮಾಡು ಅಂದಿದ್ದಳು. ನೂರು ಯೋಜನ ಸಮುದ್ರ ಮುಂದಿದೆ (ಯೋಜನ ಅಂದರೆ ಹಳೇ ಕಾಲದ ದೂರದ ಅಳತೆ). ಯಾರು ಎಷ್ಟು ಹಾರುತ್ತೀರಿ ಅಂತ ಅಂಗದ ಕೇಳುತ್ತಾನೆ. ಗಜ ಹತ್ತು ಯೋಜನ ಅನ್ನುತ್ತಾನೆ, ಗವಾಕ್ಷ ಇಪ್ಪತ್ತು. ಹಾಗೇ ಏರುತ್ತಾ ಮುದುಕ ಜಾಂಬವಂತ ತೊಂಬತ್ತು ಅನ್ನುತ್ತಾನೆ. ಅಂಗದ ತಾನು ನೂರು ಹಾರಬಲ್ಲೆ, ವಾಪಸ್ ಬರುವುದು ಮಾತ್ರ ಅನುಮಾನ ಅನ್ನುತ್ತಾನೆ. ಅಷ್ಟು ಹೊತ್ತೂ ಹನುಮಂತ ಒಂದು ಬದಿಗೆ ಸುಮ್ಮನೆ ಕೂತಿದ್ದಾನೆ. ಎಂಥಾ ಮೀಟಿಂಗ್ ನೋಡಿ! ಒಬ್ಬನೂ "ನೋಡೋಣ, ಪ್ರಯತ್ನ ಮಾಡ್ತೀನಿ" ಅನ್ನಲಿಲ್ಲ. ನಮ್ಮ ಕಚೇರಿಯಲ್ಲಿ ಯಾವ ಕೆಲಸ ಕೇಳಿದರೂ ನಾನು "ಆಗುತ್ತೆ ಸರ್" ಅನ್ನುತ್ತಿದ್ದೆ. ಆ ವಾರದಿಂದ "ಗುರುವಾರದೊಳಗೆ ಅರ್ಧ ಆಗುತ್ತೆ, ಉಳಿದದ್ದಕ್ಕೆ ಇನ್ನೊಬ್ಬರು ಬೇಕು" ಅನ್ನಲು ಶುರುಮಾಡಿದೆ. ಸಾಹೇಬರು ಬೈಯುತ್ತಾರೆ ಅಂದುಕೊಂಡಿದ್ದೆ. ಇನ್ನೊಬ್ಬರನ್ನು ಕೊಟ್ಟರು.

ಈಗ ಲಂಕೆಯ ರಾತ್ರಿಗೆ ಬರುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಪುಟ ತುಂಬಿದ್ದು ಇದಕ್ಕೇ.

ಹನುಮಂತ ರಾವಣನ ಅಂತಃಪುರಕ್ಕೆ ನುಗ್ಗುತ್ತಾನೆ. ಅಲ್ಲಿ ಚೆಲುವೆಯೊಬ್ಬಳು ಮಲಗಿದ್ದಾಳೆ. ರೂಪ, ಯೌವನ, ಆಭರಣ ಎಲ್ಲ ನೋಡಿ ಇವಳೇ ಸೀತೆ ಅಂದುಕೊಳ್ಳುತ್ತಾನೆ. ಖುಷಿಗೆ ಭುಜ ತಟ್ಟಿಕೊಳ್ಳುತ್ತಾನೆ, ತನ್ನ ಬಾಲಕ್ಕೆ ತಾನೇ ಮುತ್ತಿಡುತ್ತಾನೆ, ಹಾಡುತ್ತಾನೆ, ಕಂಬ ಹತ್ತಿ ಕೆಳಗೆ ಧುಮುಕುತ್ತಾನೆ. ಅವಳು ಮಂಡೋದರಿ! ಮುಂದಿನ ಸರ್ಗದಲ್ಲಿ ಅವನೇ ತನ್ನನ್ನು ತಿದ್ದಿಕೊಳ್ಳುತ್ತಾನೆ. ರಾಮನನ್ನು ಅಗಲಿದ ಸೀತೆ ಹೀಗೆ ನಿದ್ದೆ ಮಾಡಲಾರಳು, ಉಣ್ಣಲಾರಳು, ಸಿಂಗರಿಸಿಕೊಳ್ಳಲಾರಳು, ಪಾನ ಮುಟ್ಟಲಾರಳು, ಇವಳು ಬೇರೆ ಯಾರೋ ಅಂತ. ಗಮನಿಸಿ, ಅವನು ಮತ್ತೊಮ್ಮೆ ಮುಖ ನೋಡಲಿಲ್ಲ. ಇವಳು ಸೀತೆಯೇ ಆಗಿದ್ದರೆ ಇನ್ನೇನೇನು ಹೊಂದಬೇಕಿತ್ತು ಅಂತ ಕೇಳಿಕೊಂಡ.

ಇದನ್ನು ಓದಿ ನಗುತ್ತಾ ಕಚೇರಿಗೆ ಹೋದೆ. ಎರಡೇ ವಾರದಲ್ಲಿ ನಾನೂ ಬಾಲಕ್ಕೆ ಮುತ್ತಿಟ್ಟೆ.

ತಿಂಗಳ ಲೆಕ್ಕ ಟ್ಯಾಲಿ ಆಗಲಿಲ್ಲ. 54,000 ರೂಪಾಯಿ ವ್ಯತ್ಯಾಸ. ಎರಡು ದಿನ ಹುಡುಕಿದ ಮೇಲೆ ಒಂದು ಫೈಲಿನ ಅಡಿಯಲ್ಲಿ ಸರಿಯಾಗಿ 54,000 ರೂಪಾಯಿಯ ವೋಚರ್ ಸಿಕ್ಕಿತು. ಅದನ್ನು ಪುಸ್ತಕಕ್ಕೆ ಏರಿಸಬೇಕಾಗಿದ್ದದ್ದು ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ. ಎರಡು ದಿನದ ಸುಸ್ತು, ಸಿಕ್ಕಿತಲ್ಲ ಅನ್ನುವ ಖುಷಿ, ಅವನ ಮೇಲೆ ಸಿಟ್ಟು, ಮೂರೂ ಸೇರಿ ಕಚೇರಿಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೆದುರು ಅವನ ಹೆಸರು ಹಿಡಿದು ಬರೆದುಬಿಟ್ಟೆ.

ಸಂಜೆ ನೋಡಿದರೆ ಆ ವೋಚರ್ ಬೇರೆ ಖಾತೆಯಲ್ಲಿ ಆಗಲೇ ಏರಿತ್ತು. ಹುಡುಗನ ತಪ್ಪೇ ಇಲ್ಲ. ಲೆಕ್ಕ ಬರೆಯುವವರಿಗೆಲ್ಲ ಗೊತ್ತಿರುವ ಒಂದು ಉಪಾಯ ಇದೆ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ, ಎಲ್ಲೋ ಅಂಕಿ ಅದಲುಬದಲಾಗಿರಬಹುದು. 54,000 ಒಂಬತ್ತರಿಂದ ಭಾಗವಾಗುತ್ತದೆ. ಹುಡುಕಿದೆ. 28,600 ಇರಬೇಕಾದಲ್ಲಿ 82,600 ಅಂತ ಬಿದ್ದಿತ್ತು. ಆ ಎಂಟ್ರಿ ಹಾಕಿದವನು ನಾನೇ.

ಆ ರಾತ್ರಿ ಪುಟ ಮುಂದಕ್ಕೆ ತಿರುವಿ 55ನೇ ಸರ್ಗ ಓದಿದೆ. ಲಂಕೆ ಸುಟ್ಟಾದ ಮೇಲಿನ ಸರ್ಗ. ಲಂಕಾದಹನವೆಂದರೆ ನಾವು ಚಪ್ಪಾಳೆ ಹೊಡೆಯುವ ಭಾಗ, ಅಲ್ವಾ? ಹನುಮಂತ ಮಾತ್ರ ಅಲ್ಲಿ ಬೆವರುತ್ತಿದ್ದಾನೆ. ಊರೆಲ್ಲ ಸುಟ್ಟೆ, ಒಳಗಿದ್ದ ಸೀತೆಯೂ ಸುಟ್ಟುಹೋಗಿದ್ದರೆ? ಯಾವ ಕೆಲಸಕ್ಕೆ ಬಂದೆನೋ ಅದನ್ನೇ ಕೋಪದಲ್ಲಿ ಹಾಳು ಮಾಡಿಕೊಂಡೆನಲ್ಲ ಅಂತ. ಎದ್ದ ಕೋಪವನ್ನು ಉರಿಯುವ ಬೆಂಕಿಗೆ ನೀರು ಹಾಕಿದ ಹಾಗೆ ಬುದ್ಧಿಯಿಂದ ಆರಿಸುವವರೇ ಧನ್ಯರು ಅನ್ನುತ್ತಾನೆ. ಬೆಂಕಿ ಹಚ್ಚಿ ಬಂದವನ ಬಾಯಲ್ಲಿ ಬೆಂಕಿಯದೇ ಹೋಲಿಕೆ. ಆ ಊರಿನಲ್ಲಿ ಯುದ್ಧಕ್ಕೂ ಸೀತೆಗೂ ಸಂಬಂಧವಿಲ್ಲದ ಮನೆಗಳೂ ಇದ್ದವಲ್ಲ ಅನ್ನುವ ಪ್ರಶ್ನೆ ನನಗೆ ಇವತ್ತಿಗೂ ಇದೆ. ಅದನ್ನು ಯಾವ ಪಾಠವಾಗಿಯೂ ಮಾಡಿಕೊಳ್ಳಲು ನನಗೆ ಆಗಿಲ್ಲ.

ಆದರೆ ಆಮೇಲೆ ಅವನು ಮಾಡಿದ್ದು ನನಗೆ ದಾರಿ ತೋರಿಸಿತು. ಸೀತೆಗೆ ಏನೂ ಆಗಿಲ್ಲ ಅಂತ ಆಕಾಶದಲ್ಲಿ ಚಾರಣರೆಂಬ ದೇವಗಣದವರು ಆಡಿಕೊಳ್ಳುವುದು ಕೇಳಿಸುತ್ತದೆ. ಅಷ್ಟು ಸಾಕಲ್ಲ, ಹೊರಡಬಹುದಿತ್ತು. ಹೊರಡಲಿಲ್ಲ. ಮತ್ತೆ ಹೋಗಿ ಕಣ್ಣಾರೆ ನೋಡಿ, ಮಾತಾಡಿಸಿ ಹೊರಟ. ಮರುದಿನ ನಾನು ಮೊದಲು ಅದೇ ಗ್ರೂಪಿನಲ್ಲಿ ತಪ್ಪು ನನ್ನದು ಅಂತ ಬರೆದೆ. ಆಮೇಲೆ ಆ ಹುಡುಗನ ಟೇಬಲ್ ಹತ್ತಿರ ಹೋದೆ. "ಪರವಾಗಿಲ್ಲ ಸರ್" ಅಂದ, ತಲೆ ಎತ್ತಲಿಲ್ಲ. ಅವನು ಮೊದಲಿನ ಹಾಗೆ ಮಾತಾಡಲು ಎರಡು ತಿಂಗಳು ಬೇಕಾಯಿತು.

ರಾತ್ರಿ ಎರಡು ಗಂಟೆಯ ಎಚ್ಚರದ ವಿಷಯಕ್ಕೆ ಬರೋಣ. ಅದಕ್ಕೆ ಮದ್ದು ಸಿಕ್ಕಿದ್ದು 12 ಮತ್ತು 13ನೇ ಸರ್ಗದಲ್ಲಿ. ಮಂಡೋದರಿಯ ಪ್ರಕರಣದ ನಂತರವೂ ಹನುಮಂತ ಎಲ್ಲ ಕಡೆ ಹುಡುಕಿದ್ದಾನೆ, ಸೀತೆ ಇಲ್ಲ. ಆಗ "ಅನಿರ್ವೇದಃ ಶ್ರಿಯೋ ಮೂಲಂ" ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಬೇಸತ್ತು ಕೈಚೆಲ್ಲದಿರುವುದೇ ಸಿರಿಗೆ ಮೂಲ ಅಂತ. ಬಹಳ ಜನ ಗೋಡೆಗೆ ಬರೆದುಕೊಳ್ಳುವ ಮಾತು. ಆದರೆ ಮುಂದಿನ ಸರ್ಗ ನೋಡಿ. ಆ ಮಾತು ಅವನಿಗೇ ಸಾಕಾಗಲಿಲ್ಲ! ಮತ್ತೆ ಕುಸಿಯುತ್ತಾನೆ. ಸೀತೆ ಸಿಗಲಿಲ್ಲ ಅಂತ ಹೇಳಿದರೆ ರಾಮ ಉಳಿಯುವುದಿಲ್ಲ. ರಾಮ ಹೋದರೆ ಲಕ್ಷ್ಮಣ. ಅದು ಕೇಳಿ ಭರತ, ಆಮೇಲೆ ಶತ್ರುಘ್ನ, ತಾಯಂದಿರು. ಈ ಕಡೆ ಸುಗ್ರೀವ, ಅವನ ಹೆಂಡತಿ ರುಮೆ, ವಾಲಿಯ ಹೆಂಡತಿ ತಾರೆ, ಅವಳ ಮಗ ಅಂಗದ, ಕೊನೆಗೆ ವಾನರರೆಲ್ಲ. ಒಂದು ಸುದ್ದಿಯಿಂದ ಎರಡು ರಾಜ್ಯ ಮುಳುಗಿಸಿಬಿಡುತ್ತಾನೆ, ಮನಸ್ಸಿನಲ್ಲೇ.

ನಾನು ಪುಸ್ತಕ ಮುಚ್ಚಿ ಕೂತೆ. ಇದು ನನ್ನ ಎರಡು ಗಂಟೆ ರಾತ್ರಿಯೇ ಅಲ್ವಾ? ಅಪ್ಪನಿಗೆ ಏನಾದರೂ ಆದರೆ, ರಜೆ ಸಿಗದಿದ್ದರೆ, ಕೆಲಸ ಹೋದರೆ, ಸಾಲದ ಕಂತು ನಿಂತರೆ. ಒಂದಕ್ಕೊಂದು ಕೊಕ್ಕೆ.

ಆ ಸರಪಳಿಯಿಂದ ಅವನನ್ನು ಈಚೆಗೆ ತಂದದ್ದು ಉಪದೇಶವಲ್ಲ. ದೊಡ್ಡ ಮರಗಳ ಒಂದು ತೋಟ ಕಣ್ಣಿಗೆ ಬೀಳುತ್ತದೆ. "ನ ಹೀಯಂ ವಿಚಿತಾ ಮಯಾ" ಅನ್ನುತ್ತಾನೆ. ಇದನ್ನು ನಾನಿನ್ನೂ ಹುಡುಕಿಲ್ಲ. ಅದೇ ಅಶೋಕವನ.

ಅವತ್ತಿನಿಂದ ನೋಟ್‌ಬುಕ್ ತಲೆದಿಂಬಿನ ಪಕ್ಕ ಬಂತು. ಎಚ್ಚರವಾದರೆ ಸರಪಳಿಯನ್ನು ಪೂರ್ತಿ ಬರೆಯುತ್ತೇನೆ, ತಡೆಯುವುದಿಲ್ಲ. ಹನುಮಂತನೂ ತಡೆಯಲಿಲ್ಲ, ತಾರೆ ಅಂಗದರ ತನಕ ಹೋದ. ಕೊನೆಯಲ್ಲಿ ಒಂದು ಗೆರೆ ಎಳೆದು, ಇನ್ನೂ ನೋಡದ ಜಾಗ ಯಾವುದು ಅಂತ ಬರೆಯುತ್ತೇನೆ. ಉತ್ತರ ಸಣ್ಣದಾಗಿರಬೇಕು, ನಾಳೆ ಮಾಡುವಂಥದ್ದಾಗಿರಬೇಕು. ಮೊದಲ ರಾತ್ರಿ ಬರೆದದ್ದು "ಅಪ್ಪನ ವಿಮೆಯ ಕಾಗದ ಪೂರ್ತಿ ಓದಿಲ್ಲ" ಅಂತ. ನಿಜವಾಗಿಯೂ ಓದಿರಲಿಲ್ಲ. ನಿದ್ದೆ ತಕ್ಷಣ ಬಂತು ಅಂದರೆ ಸುಳ್ಳಾಗುತ್ತದೆ. ಆದರೆ ಛಾವಣಿ ನೋಡುತ್ತಾ ಮಲಗುವುದು ನಿಂತಿತು.

ಎಲ್ಲವೂ ಹೀಗೆ ಫಲಿಸಲಿಲ್ಲ. ಸಮುದ್ರದ ನಡುವೆ ಮೈನಾಕ ಪರ್ವತ ಎದ್ದು ಬಂದು, ಸ್ವಲ್ಪ ಕೂತು ಹೋಗು ಅನ್ನುತ್ತದೆ. ಹೊತ್ತು ಮೀರುತ್ತಿದೆ, ನಡುವೆ ನಿಲ್ಲುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ ಅಂತ ಹನುಮಂತ ಹೊರಟುಬಿಡುತ್ತಾನೆ. ಇದನ್ನು ನಾನು ವಿರಾಮ ತಗೋಬಾರದು ಅಂತ ಓದಿಕೊಂಡೆ. ಒಂದು ತಿಂಗಳು ಭಾನುವಾರವೂ ಕೆಲಸ ಮಾಡಿ ಜ್ವರ ಬಂದು ಮಲಗಿದೆ. ಅಮ್ಮ ನಕ್ಕಳು. "ಅವನು ವಾಯುಪುತ್ರ ಕಣೋ, ನೀನು ಬಸ್ ಡ್ರೈವರ್ ಮಗ" ಅಂದಳು. ಆಮೇಲೆ ಮತ್ತೆ ಓದಿದಾಗ ಕಂಡದ್ದು, ಅವನು ಮೈನಾಕನನ್ನು ಪ್ರೀತಿಯಿಂದ ಕೈಯಲ್ಲಿ ಮುಟ್ಟಿಯೇ ಮುಂದೆ ಹೋದದ್ದು. ಈಗ ಯಾರಿಗಾದರೂ ಆಗಲ್ಲ ಅನ್ನುವಾಗ ಆ ಕೈ ನೆನಪಾಗುತ್ತದೆ.

ಅಪ್ಪ ಬಸ್ ಡ್ರೈವರ್ ಆಗಿದ್ದವರು. ರಕ್ತನಾಳದಲ್ಲಿ ಬ್ಲಾಕ್ ಇದೆ, ಸ್ಟೆಂಟ್ ಹಾಕಬೇಕು ಅಂತ ಡಾಕ್ಟರ್ ಹೇಳಿದರೆ ಸುತರಾಂ ಒಪ್ಪಲಿಲ್ಲ. ನಾನು ಅವರಿವರ ಹತ್ತಿರ ಕೇಳಿದ್ದು, ಓದಿದ್ದು ಎಲ್ಲ ವಿವರಿಸಿದೆ. ವಿವರಿಸಿದಷ್ಟೂ ಹೆದರಿದರು. ಆ ದಿನಗಳಲ್ಲಿ ನಾನು 30ನೇ ಸರ್ಗದ ಸುತ್ತಮುತ್ತ ಇದ್ದೆ. ಶಿಂಶಪಾ ಮರದ ಮೇಲೆ ಕೂತ ಹನುಮಂತ ಸೀತೆಯ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಲಿ ಅಂತ ಯೋಚಿಸುತ್ತಾನೆ. ಪಂಡಿತರ ಹಾಗೆ ಸಂಸ್ಕೃತ ಆಡಿದರೆ ರಾವಣನೇ ಬಂದ ಅಂತ ಹೆದರಿಯಾಳು. ಹೆದರಿ ಕೂಗಿದರೆ ರಾಕ್ಷಸಿಯರು ಏಳುತ್ತಾರೆ. ಕೊನೆಗೆ ಅವಳಿಗೆ ಗೊತ್ತಿರುವ ಹೆಸರಿನಿಂದ, ದಶರಥನೆಂಬ ರಾಜನಿದ್ದ ಅಂತ ಕಥೆ ಶುರುಮಾಡುತ್ತಾನೆ.

ನಾನು ಅಪ್ಪನ ಪಕ್ಕ ಕೂತು ಕೇಳಿದೆ. "ಅಪ್ಪಾ, ಡೀಸೆಲ್ ಪೈಪಲ್ಲಿ ಕಸ ಕಟ್ಟಿದ್ರೆ ಏನ್ ಮಾಡ್ತಿದ್ರಿ?"

"ಇಂಜಿನ್ ಎಳೆಯಲ್ಲ. ಪೈಪ್ ಸರಿ ಮಾಡಿಸ್ಲೇಬೇಕು."

"ಹಾಗೇ ಓಡಿಸಿದ್ರೆ?"

"ಘಾಟಿಲಿ ನಿಂತ್ಹೋಗುತ್ತೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಯಾವತ್ತು ಬರೋಕೆ ಹೇಳಿದ್ದಾರೆ?" ಅಂದರು.

ಸ್ಟೆಂಟ್ ಹಾಕಿದ ದಿನ ದೂರದಲ್ಲಿದ್ದ ಅಕ್ಕನಿಗೆ ಫೋನ್ ಮಾಡುವುದು ನನ್ನ ಪಾಲಿಗೆ ಬಂತು. ಹಿಂದೊಮ್ಮೆ ಅಪ್ಪ ಬಚ್ಚಲಲ್ಲಿ ಬಿದ್ದಾಗ ನಾನು ಮಾಡಿದ ಫೋನ್ ಅವಳು ಇನ್ನೂ ಮರೆತಿರಲಿಲ್ಲ. "ಅಕ್ಕ, ಬೆಳಿಗ್ಗೆ ಅಪ್ಪ ಬಚ್ಚಲಿಗೆ ಹೋಗಿದ್ರು, ನೆಲ ಒದ್ದೆ ಇತ್ತು, ಅಮ್ಮ ಕೂಗಿದ್ರು" ಅಂತ ಮೊದಲಿಂದ ಶುರುಮಾಡಿದ್ದೆ. ಏನೂ ಆಗಿಲ್ಲ ಅನ್ನುವ ಮಾತು ಬರುವಷ್ಟರಲ್ಲಿ ಅವಳು ಆ ಕಡೆ ಅಳುತ್ತಿದ್ದಳು.

ಹನುಮಂತ ವಾಪಸ್ ಹಾರಿ ಬಂದಾಗ ಮಹೇಂದ್ರ ಪರ್ವತದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿರುತ್ತಾರೆ. ಹೇಳುವುದಕ್ಕೆ ಅವನ ಹತ್ತಿರ ಎಷ್ಟು ಕಥೆ ಇತ್ತು! ಸಮುದ್ರದಲ್ಲಿ ದಾರಿ ತಡೆದ ಸುರಸೆ, ಸಿಂಹಿಕೆ, ಆಮೇಲೆ ಲಂಕೆ, ಬಾಲದ ಬೆಂಕಿ. ಅವನು ಮೊದಲು ಹೇಳಿದ್ದು "ದೃಷ್ಟಾ ಸೀತಾ". ಎರಡೇ ಶಬ್ದ. ಅದರಲ್ಲೂ ಕಂಡಿದ್ದೇನೆ ಅನ್ನುವುದು ಮೊದಲು, ಹೆಸರು ಆಮೇಲೆ. ಕಥೆಯನ್ನೆಲ್ಲ ಎಲ್ಲರೂ ಕೂತ ಮೇಲೆ, ಜಾಂಬವಂತ ಕೇಳಿದ ಮೇಲೆ ಬಿಡಿಸಿ ಹೇಳಿದ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನಂಬರ್ ಒತ್ತಿದೆ. ಅವಳು ಎತ್ತಿದ ಕೂಡಲೇ "ಚೆನ್ನಾಗಿದ್ದಾರೆ ಅಕ್ಕ, ಅಪ್ಪ" ಅಂದೆ. ಆ ಕಡೆಯಿಂದ ಉದ್ದಕ್ಕೆ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅವಳೇ "ಈಗ ಹೇಳು, ಎಷ್ಟೊತ್ತಿಗೆ ಒಳಗೆ ಕರ್ಕೊಂಡು ಹೋದ್ರು?" ಅಂತ ಒಂದೊಂದಾಗಿ ಕೇಳಿದಳು.

ಅಕ್ಕ ಸುಂದರಕಾಂಡ ಓದಿಲ್ಲ. ಆದರೆ ಹೋದ ತಿಂಗಳು ಅವಳ ಮಗ ಸೈಕಲ್‌ನಿಂದ ಬಿದ್ದು ಕೈ ಮುರಿದುಕೊಂಡಾಗ ಫೋನ್ ಮಾಡಿ, ಹಲೋ ಅನ್ನುವುದಕ್ಕೂ ಮೊದಲು "ಹುಷಾರಾಗಿದ್ದಾನೆ ಕಣೋ, ಪುಟ್ಟ" ಅಂದಳು.