2,14,000 ಕಿಲೋಮೀಟರ್ ಓಡಿದ ನನ್ನ ಸ್ವಿಫ್ಟಿಗೆ ಬೆಲೆ ಕಟ್ಟಿದ ಬಗೆ

ಕೆಲಸ ಪುಣೆಯಲ್ಲಿ, ಅಪ್ಪ ಅಮ್ಮ ಹುಬ್ಬಳ್ಳಿಯಲ್ಲಿ. ಒಂಬತ್ತು ವರ್ಷ ತಿಂಗಳಿಗೆ ಎರಡು ಸಲ ಊರಿಗೆ ಹೋಗಿ ಬಂದಿದ್ದೇನೆ. ಹಾಗಾಗಿ 2023ರಲ್ಲಿ ಮಾರಲು ಹೊರಟಾಗ ನನ್ನ 2014ರ ಸ್ವಿಫ್ಟ್ ವಿಡಿಐ 2,14,000 ಕಿಲೋಮೀಟರ್ ಓಡಿತ್ತು.

ಅದರ ಮೇಲೆ ಮಾಡಿಫಿಕೇಶನ್ ಬೇರೆ. 16 ಇಂಚಿನ ಅಲಾಯ್ ಮತ್ತು ಟೈರಿಗೆ 62,000, ಗಾಡಿ ತಗ್ಗಿಸುವ ಸ್ಪ್ರಿಂಗಿಗೆ 18,000, ಇಸಿಯು ರೀಮ್ಯಾಪಿಗೆ (ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸೋದು) 25,000, ವೂಫರ್ ಸೆಟ್ಟಿಗೆ 33,000. ಒಟ್ಟು 1,38,000 ರೂಪಾಯಿ. ಇದರಲ್ಲಿ ಅರ್ಧವಾದರೂ ವಾಪಸ್ ಬರುತ್ತೆ ಅಂತ ನಂಬಿ 3,75,000 ಹೇಳಿದೆ. ಮೂರು ವಾರದಲ್ಲಿ ನೋಡಲು ಬಂದವರು ಒಬ್ಬರೇ. ತಗ್ಗಿದ ಗಾಡಿ ನೋಡಿ, ಸ್ಟಾರ್ಟ್ ಕೂಡ ಮಾಡದೆ ಹೋದರು. ಡೀಲರ್ ಒಬ್ಬರು 1,80,000 ಕೊಡ್ತೀನಿ ಅಂದರು.

ಬಹಳ ಬೇಜಾರಾಯಿತು. ಆದರೆ ಕೊಳ್ಳುವವರ ಭಯವೂ ಅರ್ಥವಾಯಿತು. ರೀಮ್ಯಾಪ್ ಆದ ಡೀಸೆಲ್ ಅಂದರೆ ಟರ್ಬೋ, ಕ್ಲಚ್ ಎಷ್ಟು ಸವೆದಿವೆಯೋ ಯಾರಿಗೆ ಗೊತ್ತು? ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಕ್ಲೇಮ್ ಮಾಡುವಾಗ ಇನ್ಶೂರೆನ್ಸಿನವರು ತಕರಾರು ತೆಗೆಯಬಹುದು. ನನಗೆ ಇಷ್ಟವಾಗಿದ್ದಕ್ಕೆ ಕೊಳ್ಳುವವರು ಯಾಕೆ ದುಡ್ಡು ಕೊಡಬೇಕು, ಅಲ್ವಾ?

ಹಳೇ ರಿಮ್, ಹಳೇ ಸ್ಪ್ರಿಂಗ್ ಅಟ್ಟದಲ್ಲಿ ಇಟ್ಟಿದ್ದು ಆಗ ಉಪಯೋಗಕ್ಕೆ ಬಂತು. ಎಲ್ಲ ವಾಪಸ್ ಹಾಕಿಸಿದೆ. ರಿಮ್ಮಿಗೆ ಬೇಕಾದ ಹೊಸ ಟೈರ್ ಮತ್ತು ಕೂಲಿ ಸೇರಿ 21,000 ಆಯಿತು. ರೀಮ್ಯಾಪ್ ಮಾಡಿದವರ ಹತ್ತಿರವೇ ಹೋಗಿ ಕಂಪನಿಯ ಮೂಲ ಸಾಫ್ಟ್‌ವೇರ್ ಹಾಕಿಸಿಕೊಂಡೆ. ಬಿಚ್ಚಿದ ಅಲಾಯ್, ಸ್ಪ್ರಿಂಗ್, ವೂಫರ್ ಬೇರೆ ಬೇರೆಯಾಗಿ ಮಾರಿದ್ದಕ್ಕೆ 39,000 ಬಂತು. ಕಾರಿನಲ್ಲೇ ಬಿಟ್ಟಿದ್ದರೆ ಇದೂ ಸಿಗುತ್ತಿರಲಿಲ್ಲ.

ಆಮೇಲೆ ಬೆಲೆ. ಅದೇ ವರ್ಷದ, ಅದೇ ಮಾಡೆಲ್ಲಿನ ಎಂಟು ಗಾಡಿಗಳ ಮಾಲೀಕರಿಗೆ ಫೋನ್ ಮಾಡಿ, ಕೊನೆಗೆ ಎಷ್ಟಕ್ಕೆ ಬಿಡ್ತೀರಿ ಅಂತ ಕೇಳಿದೆ. ಲಕ್ಷದ ಒಳಗೆ ಓಡಿದವು ಸುಮಾರು 3,20,000ಕ್ಕೆ ಬರುತ್ತಿದ್ದವು. ನನ್ನದು ಜಾಸ್ತಿ ಓಡಿದೆ ಅಂತ ಸುಮ್ನೆ ಒಂದು ಮೊತ್ತ ಕಳೆಯಲಿಲ್ಲ. ಮೆಕ್ಯಾನಿಕ್ ಜೊತೆ ಕೂತು, ಕೊಳ್ಳುವವರಿಗೆ ಮುಂದಿನ ಎರಡು ವರ್ಷದಲ್ಲಿ ಬರುವ ಖರ್ಚು ಬರೆದೆ. ಟರ್ಬೋ ರಿಪೇರಿ, ಇಂಜೆಕ್ಟರ್, ಸಸ್ಪೆನ್ಶನ್ ಬುಷ್, ಬ್ಯಾಟರಿ. ಒಟ್ಟು 50,000 ಆಯಿತು. ಕ್ಲಚ್ 1,52,000 ಕಿಲೋಮೀಟರಿನಲ್ಲೇ ಬದಲಿಸಿದ್ದೆ, ಬಿಲ್ ಇತ್ತು. ಈ 1.3 ಲೀಟರ್ ಡೀಸೆಲ್ ಎಂಜಿನ್ನಿಗೆ ಆಗಾಗ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಹಾಗಾಗಿ ಬೆಲ್ಟಿನ ಖರ್ಚು ಬರೆಯಲಿಲ್ಲ. ಉಳಿದಿದ್ದು 2,70,000. ಚೌಕಾಸಿಗೆ ಜಾಗ ಬಿಟ್ಟು 2,85,000 ಹೇಳಿದೆ. ಮೀಟರ್ ಫೋಟೋ ಮೊದಲೇ ಹಾಕಿದೆ. ಮೀಟರ್ ಹಿಂದಕ್ಕೆ ತಿರುಗಿಸಿಕೊಡ್ತೀನಿ ಅಂದವರೂ ಸಿಕ್ಕಿದ್ದರು. ಅದು ಮೋಸ, ಬೇಡ ಅಂದೆ.

ಎಂಟು ದಿನಕ್ಕೆ ಪುಣೆ ಹತ್ತಿರದ ಚಾಕಣದಲ್ಲಿ ಕೆಲಸ ಮಾಡುವ ಬಾಗಲಕೋಟೆಯವರು ಬಂದರು. "ಎರಡು ಲಕ್ಷ ಓಡೇತಲ್ರೀ ಸರ್, ಎಂಜಿನ್ ಹೆಂಗೈತಿ?" ಅಂದರು. ಬೆಳಿಗ್ಗೆ ಇನ್ನೂ ಸ್ಟಾರ್ಟ್ ಮಾಡದ ಗಾಡಿ ಅವರ ಕೈಗೇ ಕೊಟ್ಟೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು ತೋರಿಸಿದೆ. ಎಂಜಿನ್ ಒಳಗಿನ ಪಿಸ್ಟನ್ ರಿಂಗ್ ಸವೆದಿದ್ದರೆ ಅಲ್ಲಿಂದ ಹೊಗೆ ಜೋರಾಗಿ ನುಗ್ಗುತ್ತೆ. ನಮ್ಮದರಲ್ಲಿ ಹಾಗಾಗಲಿಲ್ಲ. ಬಹುಪಾಲು ಹೈವೇಯಲ್ಲೇ ಓಡಿದೆ ಅಂದೆ, ಸರ್ವಿಸ್ ಬಿಲ್ಲಿನ ಫೈಲ್ ಮುಂದಿಟ್ಟೆ. ಹಿಂದೆ ರೀಮ್ಯಾಪ್ ಆಗಿತ್ತು ಅನ್ನೋದನ್ನೂ ನಾನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ದು ಚಲೋ ಆತ್ರೀ" ಅಂದರು. ಆ ಬಿಲ್ಲುಗಳನ್ನು ಒಂದೊಂದಾಗಿ ಓದಿದರು.

2,62,000ಕ್ಕೆ ಮಾತು ಮುಗಿಯಿತು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿದೆವು. ಕಾರು ಮಹಾರಾಷ್ಟ್ರದಲ್ಲೇ ಇರುವುದರಿಂದ ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ಎನ್‌ಒಸಿ (ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಬೇಕಾಗಲಿಲ್ಲ. ಫಾಸ್ಟ್ಯಾಗ್ ಕಿತ್ತು ಅದರ ಖಾತೆ ಮುಚ್ಚಿಸಿದೆ. ಬಿಲ್ಲಿನ ಫೈಲನ್ನೂ ಎರಡನೇ ಕೀಯನ್ನೂ ಅವರ ಕೈಗಿಟ್ಟೆ. ಅವರು ಅದೇ ಶುಕ್ರವಾರ ರಾತ್ರಿ ಊರಿಗೆ ಹೊರಟರು.